ಮುರಕಲ್ಲಿನ ಸಂದಿಯಲ್ಲಿ ಜರೀಗಿಡ

ಮಳೆ ಹಿಡಿದ ಮೇಲೆ ಮಂಗಳೂರು, ಉಡುಪಿಯ ಯಾವುದಾದರೂ ಹಳೆಯ ಪಾಗಾರದ (ಕಾಂಪೌಂಡ್ ಗೋಡೆಯ) ಹತ್ತಿರ ನಿಂತು ನೋಡಿ. ಕಲ್ಲಿನ ಮೈಗೆಲ್ಲ ಪಾಚಿ ಹತ್ತಿರುತ್ತದೆ. ಜರೀಗಿಡ ಮಾತ್ರ ಹೆಚ್ಚಾಗಿ ಎರಡು ಕಲ್ಲುಗಳ ನಡುವಿನ ಸಂದಿಯಲ್ಲೇ ಸಾಲುಹಿಡಿದು ಬೆಳೆದಿರುತ್ತದೆ. ಅಲ್ಲಿ ಬೇರಿಗೆ ಜಾಗ, ತೇವ ಎರಡೂ ಸಿಗುತ್ತವೆ. ಜೊತೆಗೆ ಸುಣ್ಣವೂ ಸಿಗುತ್ತದೆ. ಈ ಗೋಡೆಗಳ ಮುರಕಲ್ಲಿನಲ್ಲಿ (ಜಂಬಿಟ್ಟಿಗೆಯಲ್ಲಿ) ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ. ಅದರಲ್ಲಿದ್ದ ಸುಣ್ಣದ ಅಂಶವನ್ನು ಮಳೆ ಯಾವಾಗಲೋ ತೊಳೆದುಬಿಟ್ಟಿದೆ. ಹಳೆಯ ಗೋಡೆ ಕಟ್ಟಿದ ಗಾರೆಯಲ್ಲಿ ಮಾತ್ರ ಚಿಪ್ಪು ಸುಟ್ಟು ಮಾಡಿದ ಸುಣ್ಣ ಉಳಿದಿದೆ. ಹಾಗಾಗಿ ಸುಣ್ಣ ಇಷ್ಟಪಡುವ ಜರೀಗಿಡ ಬೆಳೆಸಬೇಕಾದರೆ ನಾವು ಮೊದಲು ಸಿದ್ಧಮಾಡಬೇಕಾದ್ದು ಸಂದಿಯನ್ನು.

ಯಾವ ಗಿಡ?

ನಮ್ಮ ಕಡೆಗೆ ಎಲ್ಲಕ್ಕಿಂತ ಸುಲಭವಾದದ್ದು ಟೆರಿಸ್ ವಿಟ್ಟಾಟ. ಏಣಿಯ ಮೆಟ್ಟಿಲಿನ ಹಾಗೆ ಎರಡೂ ಬದಿಗೆ ಉದ್ದುದ್ದ ಎಲೆ, ತುದಿಯಲ್ಲಿ ಒಂಟಿ ಎಲೆ. ಬಿಸಿಲನ್ನೂ ತಡೆಯುತ್ತದೆ. ಇದು ಮಣ್ಣಿನಲ್ಲಿರುವ ಆರ್ಸೆನಿಕ್ ವಿಷವನ್ನು ಹೀರಿ ಎಲೆಯಲ್ಲಿ ತುಂಬಿಕೊಳ್ಳುತ್ತದೆ ಎಂದು ಫ್ಲೋರಿಡಾದ ವಿಜ್ಞಾನಿಗಳು 2001ರಲ್ಲಿ ತೋರಿಸಿಕೊಟ್ಟರು. ಗೋಡೆಯಲ್ಲಿ ಬೆಳೆಸಲು ಭಯವೇನಿಲ್ಲ, ದನಕ್ಕೆ ಮಾತ್ರ ಹಾಕಬೇಡಿ.

ಕಪ್ಪು ಕೂದಲಿನಂಥ ತೆಳು ಕಡ್ಡಿಯ ಅಡಿಯಾಂಟಮ್ ಕ್ಯಾಪಿಲಸ್-ವೆನೆರಿಸ್ ಇನ್ನೂ ಚೆಂದ. ಆದರೆ ಅದಕ್ಕೆ ಸದಾ ತೇವ ಬೇಕು. ಬಾವಿಕಟ್ಟೆ, ನೀರಿನ ತೊಟ್ಟಿಯ ನೆರಳಿನ ಬದಿ ಸರಿಹೊಂದುತ್ತದೆ. ಯುರೋಪಿನ ಗೋಡೆಗಳಲ್ಲಿ ಬೆಳೆಯುವ ಪುಟ್ಟ ಆಸ್ಪ್ಲೀನಿಯಂಗಳ ಚಿತ್ರ ನೋಡಿ ಆಸೆಪಡುವವರಿದ್ದಾರೆ. ಅವು ತಂಪು ದೇಶದವು, ನಮ್ಮ ಸೆಖೆಗೆ ಹೇಳಿಸಿದ್ದಲ್ಲ.

ಗೋಡೆ ಆರಿಸುವುದು

ಉತ್ತರ ಅಥವಾ ಪೂರ್ವಕ್ಕೆ ಮುಖಮಾಡಿದ ಗೋಡೆ ಒಳ್ಳೆಯದು. ಪಡುವಣದ ಗೋಡೆಗೆ ಮಧ್ಯಾಹ್ನದ ಬಿಸಿಲೂ ಹೊಡೆಯುತ್ತದೆ, ಕಡಲ ಕಡೆಯಿಂದ ಬರುವ ಮಳೆಯೂ ಹೊಡೆಯುತ್ತದೆ. ಪಾಗಾರ, ತೋಟದ ಕಟ್ಟೆ ಸಾಕು. ಮನೆಯ ಭಾರ ಹೊತ್ತ ಗೋಡೆಯನ್ನು ಕೆರೆಯಲೇಬೇಡಿ.

ಸಂದಿಯ ಗಾರೆಯನ್ನು ಉಗುರಿನಿಂದ ಕೆರೆದು ನೋಡಿ. ಬೆಳ್ಳಗೆ ಪುಡಿಯಾಗಿ, ನಡುವೆ ಚಿಪ್ಪಿನ ಚೂರು ಕಂಡರೆ ಅದು ಹಳೆಯ ಸುಣ್ಣದ ಗಾರೆ. ಮೇಲೆ ಎರಡು ಹನಿ ಲಿಂಬೆರಸ ಬಿಟ್ಟರೆ ಸಣ್ಣಗೆ ನೊರೆ ಏಳುತ್ತದೆ. ಹೊಸ ಸಿಮೆಂಟಾದರೆ ಕಾಯಬೇಕು. ಅದರ ಕ್ಷಾರ ಬೇರನ್ನು ಸುಟ್ಟುಹಾಕುತ್ತದೆ. ಒಂದೆರಡು ಮಳೆಗಾಲ ಕಳೆಯಲಿ.

ಸಂದಿಯ ಮಣ್ಣು

ಗಾರೆ ಇಲ್ಲದ ಗೋಡೆಗೆ ನಾವೇ ಸುಣ್ಣ ಕೊಡಬೇಕು. ಒಡೆದ ಹಳೆಯ ಮನೆಯ ಗಾರೆಪುಡಿ ಎರಡು ಪಾಲು, ಜರಡಿ ಹಿಡಿದ ಹೊಯ್ಗೆ (ಮರಳು) ಒಂದು ಪಾಲು, ಕೊಳೆತ ತರಗೆಲೆ ಒಂದು ಪಾಲು ಸೇರಿಸಿ. ಗಾರೆ ಸಿಗದಿದ್ದರೆ ಚಿಪ್ಪನ್ನು ಕುಟ್ಟಿ ಹಾಕಬಹುದು. ಸಮುದ್ರದ ಚಿಪ್ಪಾದರೆ ನಾಲ್ಕೈದು ಸಲ ನೀರು ಬದಲಿಸಿ ನೆನೆಸಿ, ಉಪ್ಪು ಹೋಗಬೇಕು. ಕಡಲ ದಂಡೆಯ ಹೊಯ್ಗೆಯೂ ಬೇಡ. ಎಲೆಅಡಿಕೆಯ ಸುಣ್ಣವನ್ನು ಹಸಿಯಾಗಿ ಹಚ್ಚಿದರೆ ಬೇರು ಬೆಂದುಹೋಗುತ್ತದೆ. ಸುಣ್ಣ ಗಾಳಿ ಕುಡಿದು ಗಟ್ಟಿಯಾದ ಮೇಲೆಯೇ ಗಿಡಕ್ಕೆ ಹಿತ.

ನೆಡುವುದು

ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆ) ಕಳೆದು ಮಳೆ ಸರಿಯಾಗಿ ಕೂತ ಮೇಲೆ ಕೈಹಾಕಿ. ಬೆರಳುದ್ದದ ಎಳೆ ಗಿಡ ಸಾಕು, ದೊಡ್ಡದನ್ನು ಕಿತ್ತರೆ ಬೇರು ಹರಿಯುತ್ತದೆ. ಗೋಡೆ ಕೆಡವುವಲ್ಲಿ ಕೇಳಿ ತನ್ನಿ. ಕಾಡಿನಿಂದಲೋ ದೇವಸ್ಥಾನದ ಕೆರೆಯ ಮೆಟ್ಟಿಲಿನಿಂದಲೋ ಕೀಳುವುದು ಸರಿಯಲ್ಲ. ಸಂದಿಯನ್ನು ಎರಡು ಇಂಚು ಆಳಕ್ಕೆ ಬಿಡಿಸಿ, ಒಳಮುಖವಾಗಿ ತುಸು ಇಳಿಜಾರು ಮಾಡಿ. ನೀರು ಹೊರಗೆ ಜಾರದೆ ಬೇರಿನ ಕಡೆಗೆ ಹೋಗಲಿ. ಬೇರನ್ನು ಅಡ್ಡಲಾಗಿ ಮಲಗಿಸಿ, ಮಿಶ್ರಣವನ್ನು ಒದ್ದೆ ಮಾಡಿ ಕಡ್ಡಿಯಿಂದ ಒತ್ತಿ ತುಂಬಿ. ಬಾಯಿಗೆ ಹಿಡಿಯಷ್ಟು ಪಾಚಿ ತುರುಕಿದರೆ ಜಡಿಮಳೆಗೆ ಮಣ್ಣು ಕೊಚ್ಚಿಹೋಗದು.

ಗಿಡ ಸಿಗದವರಿಗೆ ಬೀಜಕಣದ ದಾರಿಯಿದೆ. ನನಗೆ ಇದೇ ಹೆಚ್ಚು ಇಷ್ಟ. ವಿಟ್ಟಾಟದ ಬಲಿತ ಎಲೆಯನ್ನು ಮಗುಚಿ. ಎರಡೂ ಅಂಚಿನಲ್ಲಿ ಕಂದು ಗೆರೆ ಎಳೆದಂತೆ ಕಾಣುತ್ತದೆ. ಅದನ್ನು ಕಾಗದದ ಲಕೋಟೆಯಲ್ಲಿ ಒಂದೆರಡು ದಿನ ಇಟ್ಟರೆ ತಳದಲ್ಲಿ ಸಣ್ಣ ಧೂಳು ಉದುರಿರುತ್ತದೆ. ಹಂಚಿನ ಚೂರಿಗೆ ಕುದಿನೀರು ಹುಯ್ದು, ಆರಿಸಿ, ಈ ಧೂಳು ಉದುರಿಸಿ. ಚೂರನ್ನು ತೆಳ್ಳಗೆ ನೀರಿರುವ ತಟ್ಟೆಯಲ್ಲಿಟ್ಟು ಮೇಲೆ ಗಾಜಿನ ಪಾತ್ರೆ ಕವುಚಿ ನೆರಳಿನಲ್ಲಿಡಿ. ಕೆಲವು ವಾರಗಳಲ್ಲಿ ಹಸಿರು ಪೊರೆ ಕಟ್ಟಿ, ಆಮೇಲೆ ಉಗುರಿಗಿಂತ ಚಿಕ್ಕ ಹೃದಯದಾಕಾರದ ಎಲೆಗಳು ಮೂಡುತ್ತವೆ. ಜರೀಗಿಡ ಹುಟ್ಟುವುದು ಇವುಗಳಿಂದ. ಅದಕ್ಕೆ ಇವುಗಳ ಮೇಲೆ ನೀರಿನ ಪೊರೆ ಇರಲೇಬೇಕು, ಆದ್ದರಿಂದ ಆಗಾಗ ನೀರು ಸಿಂಪಡಿಸಿ. ಮೊದಲ ಗರಿ ಬರಲು ತಿಂಗಳುಗಳೇ ಬೇಕು. ಒಂದಿಂಚು ಬೆಳೆದ ಮೇಲೆ ಸಂದಿಗೆ ಕೂರಿಸಿ.

ಆಮೇಲಿನ ಆರೈಕೆ

ಗೊಬ್ಬರ ಬೇಡ. ಬೇಸಗೆಯಲ್ಲಿ ಬೆಳಿಗ್ಗೆ, ಸಂಜೆ ನೀರು ಸಿಂಪಡಿಸಿ, ಬಿಸಿಲು ಜೋರಾದರೆ ಒಂದು ತೆಂಗಿನ ಮಡಲು ಒರಗಿಸಿಡಿ. ಎಲೆ ಒಣಗಿತೆಂದು ಕಿತ್ತು ಬಿಸಾಡಬೇಡಿ, ಗಡ್ಡೆಯಲ್ಲಿ ಜೀವವಿದ್ದರೆ ಹೊಸ ಮಳೆಗೆ ಚಿಗುರುತ್ತದೆ. ಕೀಳಬೇಕಾದದ್ದು ಪಕ್ಕದಲ್ಲಿ ಮೊಳೆಯುವ ಗೋಳಿ, ಅಶ್ವತ್ಥದ ಸಸಿಗಳನ್ನು. ಜರೀಗಿಡದ ಬೇರು ನವಿರು, ಗೋಳಿಯದ್ದು ಗೋಡೆ ಸೀಳುತ್ತದೆ. ಎರಡೆಲೆ ಇರುವಾಗಲೇ ಬೇರುಸಹಿತ ತೆಗೆಯಿರಿ.