ಆವಿಗೆಯಿಂದ ಹೊರಬಂದದ್ದನ್ನಷ್ಟೇ ಎಣಿಸಿ

ಕುಂಬಾರಿಕೆ ಕಲಿತು, ಸಣ್ಣದೊಂದು ಶೆಡ್ ಹಾಕಿ, ಎರಡೇ ವರ್ಷದಲ್ಲಿ ತಿಗರಿಯನ್ನು (ಕುಂಬಾರರ ಚಕ್ರ) ಮೂಲೆಗೆ ಸರಿಸಿದ ಹಲವರನ್ನು ನೋಡಿದ್ದೇನೆ. ಅವರೆಲ್ಲರ ಕೈಕೆಲಸ ಚೆನ್ನಾಗಿತ್ತು, ಮಡಕೆಗಳು ಮಾರಾಟವೂ ಆಗುತ್ತಿದ್ದವು. ಎಡವಿದ್ದು ಬೆಲೆಯ ಲೆಕ್ಕದಲ್ಲಿ. ಆದ್ದರಿಂದ ಕುಂಬಾರಿಕೆಯಿಂದ ದುಡಿಯಲು ಹೊರಟವರಿಗೆಂದು ಬರೆದ ಈ ಐದು ಹಂತಗಳಲ್ಲಿ ಆ ಹಂತಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

1. ಮೂರೇ ವಸ್ತು

ಮೊದಲ ವರ್ಷ ಮೂರಕ್ಕಿಂತ ಹೆಚ್ಚು ಬಗೆ ಬೇಡ. ಮೊಸರಿನ ಕುಡಿಕೆ, ಸಾರಿನ ಮಡಕೆ, ಹಣತೆ ಸಾಕು. ಹೂದಾನಿಯನ್ನು ಹೊಗಳುವವರು ಬಹಳ, ಕೊಳ್ಳುವವರು ಕಡಿಮೆ. ಕುಡಿಕೆಯಲ್ಲಿ ಮೊಸರು ಗಟ್ಟಿಯಾಗಿ ಕೂತರೆ ಅದೇ ಮನೆಯವರು ಇನ್ನೆರಡಕ್ಕೆ ಬರುತ್ತಾರೆ.

2. ಮಣ್ಣು, ಒಣಗಿಸುವುದು, ಸುಡುವುದು

ಪ್ರತಿ ಹೊಸ ಲೋಡಿನ ಮಣ್ಣಿನಲ್ಲೂ 10 ಸೆಂ.ಮೀ. ಉದ್ದದ ಪಟ್ಟಿ ಮಾಡಿ ಸುಟ್ಟು ಅಳೆಯಿರಿ. 9 ಸೆಂ.ಮೀ.ಗೆ ಇಳಿದರೆ ಕುಗ್ಗುವುದು ಶೇ 10 ಎಂದಾಯಿತು. ಅದನ್ನು ಲೆಕ್ಕಕ್ಕಿಟ್ಟುಕೊಂಡು ಮಾಡಿದರೆ ಮುಚ್ಚಳದ ಅಳತೆ ತಪ್ಪುವುದಿಲ್ಲ. ನೆರಳಿನಲ್ಲೇ ಒಣಗಿಸಿ. ಬಿಸಿಲಿಗಿಟ್ಟರೆ ಅಂಚು ಮೊದಲು ಒಣಗಿ ತಳ ಬಿರಿಯುತ್ತದೆ. ಆವಿಗೆಗೆ (ಮಡಕೆ ಸುಡುವ ಗೂಡು) ಮೊದಲ ಕೆಲವು ಗಂಟೆ ಸಣ್ಣ ಉರಿ ಕೊಡಿ, ಪೂರ್ತಿ ಆರುವ ತನಕ ತೆರೆಯಬೇಡಿ. ಈ ಭಾಗವನ್ನು ಓದಿ ಕಲಿಯುವುದು ಕಷ್ಟ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯಿದೆ, ವಿಚಾರಿಸಿ.

3. ಬೆಲೆ ಕಟ್ಟುವುದು

ಹೆಚ್ಚಿನವರು ಒಂದು ಕುಡಿಕೆಗೆ ಎಷ್ಟು ಮಣ್ಣು ಹೋಯಿತು ಎಂದು ಲೆಕ್ಕ ಶುರು ಮಾಡುತ್ತಾರೆ. ಹಾಗೆ ಮಾಡಬೇಡಿ. ಒಂದು ಆವಿಗೆಯನ್ನೇ, ಅಂದರೆ ಒಂದು ಸಲ ಸುಡುವಷ್ಟನ್ನು, ಇಡಿಯಾಗಿ ಹಿಡಿಯಿರಿ.

ಉದಾಹರಣೆಗೆ, ಆವಿಗೆಗೆ 100 ಕುಡಿಕೆ ಇಟ್ಟಿರಿ ಎನ್ನೋಣ. ಮಣ್ಣಿಗೆ 600 ರೂಪಾಯಿ, ಕಟ್ಟಿಗೆಗೆ 1,800, ಬಾಡಿಗೆ ಮತ್ತು ಸಲಕರಣೆಯ ಸವೆತಕ್ಕೆ 1,000. ನಿಮ್ಮ ಆರು ದಿನದ ಕೂಲಿ, ದಿನಕ್ಕೆ 600ರಂತೆ, 3,600. ಒಟ್ಟು 7,000 ರೂಪಾಯಿ. ದಯವಿಟ್ಟು ಕೂಲಿಯನ್ನು ಬಿಡಬೇಡಿ. ‘ನಾನೇ ತಾನೇ ಮಾಡಿದ್ದು’ ಎಂದು ಆ ಸಾಲನ್ನು ಹೊಡೆದುಹಾಕಿದವರು ಒಂದು ದಿನ ಸಹಾಯಕ್ಕೆ ಆಳು ಕರೆಯಲೂ ಆಗದೆ ನಿಲ್ಲುತ್ತಾರೆ.

ಈಗ 7,000ವನ್ನು ನೂರರಿಂದ ಭಾಗಿಸಿ 70 ರೂಪಾಯಿ ಎಂದುಬಿಟ್ಟರೆ ಅಲ್ಲೇ ಮುಗ್ಗರಿಸಿದಿರಿ. ಹೊರತೆಗೆದ ಪ್ರತಿಯೊಂದನ್ನೂ ಬೆರಳಿನಿಂದ ತಟ್ಟಿ. ಟಣ್ ಎಂದರೆ ಗಟ್ಟಿ, ಅದು ಒಂದು ಕಡೆ; ಮಂಕಾಗಿ ಡಬ್ ಎಂದರೆ ಬಿರುಕು, ಅದು ಇನ್ನೊಂದು ಕಡೆ. ಗಟ್ಟಿಯಾಗಿ ಉಳಿದದ್ದು 80 ಆದರೆ ಒಂದರ ಅಸಲು 87.50. (ಬಿರುಕಿಗೆ ಅಂಟು ಮೆತ್ತಿ ಬಣ್ಣ ಬಳಿಯುವ ಅಡ್ಡದಾರಿ ಬೇಡವೇ ಬೇಡ. ಅಡುಗೆ ಮಡಕೆಗೆ ಹೊಳಪಿಗೆಂದು ವಾರ್ನಿಷ್ ಹಚ್ಚಿ ಮಾರುವುದನ್ನೂ ಕಂಡಿದ್ದೇನೆ. ಅದು ಉಣ್ಣುವವರಿಗೆ ಮಾಡುವ ದ್ರೋಹ.)

ಅಂಗಡಿಯವರು ಮಾರಾಟದ ಬೆಲೆಯಲ್ಲಿ ಶೇ 30 ಕೇಳಿದರೆ 87.50ಕ್ಕೆ ಶೇ 30 ಕೂಡಿಸಬಾರದು; ನಿಮ್ಮ ಕೈಗೆ ಬರುವುದು ಬೆಲೆಯ ಶೇ 70 ಮಾತ್ರ, ಆದ್ದರಿಂದ 0.7ರಿಂದ ಭಾಗಿಸಬೇಕು. ಆಗ 125 ಬರುತ್ತದೆ. ಇದರಲ್ಲಿ ಲಾಭ ಇನ್ನೂ ಇಲ್ಲ. 150ಕ್ಕೆ ಮಾರಿದರೆ ನಿಮ್ಮ ಕೈಗೆ 105, ಕುಡಿಕೆಗೆ 17.50 ಉಳಿತಾಯ, 80ಕ್ಕೆ 1,400. ಒಂದು ಆವಿಗೆ ಪೂರ್ತಿ ಕೆಟ್ಟರೆ ಆ 7,000ವನ್ನು ತುಂಬಲು ಐದು ಒಳ್ಳೆಯ ಆವಿಗೆಗಳು ಬೇಕು. ‘150 ಜಾಸ್ತಿಯಾಯಿತಲ್ಲ’ ಎಂದು ಗಿರಾಕಿ ಚೌಕಾಸಿ ಮಾಡುವಾಗ ಈ ಐದನ್ನು ನೆನಪಿಟ್ಟುಕೊಳ್ಳಿ. ನೇರವಾಗಿ ಮಾರುವಾಗಲೂ ನಾನು ಅದೇ 150 ಇಡುತ್ತೇನೆ. ಸಂತೆಯಲ್ಲಿ ಕಡಿಮೆಗೆ ಕೊಟ್ಟರೆ ನಿಮ್ಮ ಸರಕು ಇಟ್ಟುಕೊಂಡ ಅಂಗಡಿಯವರು ಮತ್ತೆ ಕರೆಯುವುದಿಲ್ಲ.

ಪ್ರತಿ ಆವಿಗೆಗೂ ಒಂದು ಪುಟ ಮೀಸಲಿಟ್ಟು, ಇಟ್ಟದ್ದೆಷ್ಟು, ಗಟ್ಟಿ ಬಂದದ್ದೆಷ್ಟು ಎಂದು ಬರೆದಿಡಿ. ಮಳೆಗಾಲದ ಪುಟಗಳು ಬೇರೆಯೇ ಕಥೆ ಹೇಳುತ್ತವೆ. ದೀಪಾವಳಿಯ ಹಣತೆಗಳನ್ನು ಬೇಸಿಗೆಯಲ್ಲೇ ಮಾಡಿ ಒಣಗಿಸಿಡಿ ಎನ್ನುವುದು ಅದಕ್ಕೇ.

4. ಕಟ್ಟಿ ಕಳುಹಿಸುವುದು

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯ ದೊಣ್ಣೆ ಈಗ ಕೊರಿಯರ್ ವಾಹನದಲ್ಲಿದೆ. ಒಂದು ಸುತ್ತು ತೆಳು ಬಬಲ್ ಶೀಟ್ ಏನೇನೂ ಸಾಲದು. ಒಳಗೆ ಕಾಗದ ತುಂಬಿ, ಸುತ್ತಿ, ಸಣ್ಣ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಅದನ್ನು ದೊಡ್ಡದರೊಳಗೆ ಇಡಿ. ನಡುವೆ ಎಲ್ಲ ಕಡೆಯೂ 5 ಸೆಂ.ಮೀ. ಚೆನ್ನಾಗಿ ಒಣಗಿದ ಭತ್ತದ ಹುಲ್ಲು ತುಂಬಿ. ಅಲುಗಾಡಿಸಿದಾಗ ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟಿ. ಪೆಟ್ಟಿಗೆ ಹಗುರವಿದ್ದರೂ ಗಾತ್ರ ನೋಡಿ ಹಣ ಕೇಳುತ್ತಾರೆ, ಆದ್ದರಿಂದ ದರವನ್ನು ಮೊದಲೇ ತಿಳಿದು ಗಿರಾಕಿಗೆ ಹೇಳಿ.

5. ಕಾಗದಪತ್ರ

ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿ ಸರ್ಕಾರಿ ಜಾಲತಾಣದಲ್ಲಿ ಉಚಿತ. ಶುಲ್ಕ ಕೇಳುವ ಖಾಸಗಿ ತಾಣಗಳಿಗೆ ಒಂದು ಪೈಸೆಯನ್ನೂ ಕೊಡಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ, ಕುಶಲಕರ್ಮಿಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಇದೆ. ಅದರಲ್ಲಿ ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷದವರೆಗೆ ಸಾಲ ಉಂಟು.

ಪೆಟ್ಟಿಗೆ ಮುಚ್ಚುವ ಮುನ್ನ ಒಂದು ಚೀಟಿ ಇಡಿ: ‘ಮಡಕೆಯನ್ನು ಒಂದು ದಿನ ನೀರಿನಲ್ಲಿ ನೆನೆಸಿ. ನೆರಳಿನಲ್ಲಿ ಆರಿಸಿ. ಮೊದಲ ಸಲ ಸಣ್ಣ ಉರಿಯಲ್ಲಿ ಅಕ್ಕಿ ಗಂಜಿ ಕುದಿಸಿ. ಬಿಸಿ ಮಡಕೆಗೆ ತಣ್ಣೀರು ಸುರಿಯಬೇಡಿ.’