ಡಿಫರೆನ್ಸ್ ಸೊನ್ನೆ ಆಗೋವರೆಗೆ: ಗ್ನೂಕ್ಯಾಶ್ ಜೊತೆ ನನ್ನ ಅನುಭವ

14 ತಿಂಗಳಾಯಿತು. ತಿಂಗಳ ಕೊನೆಗೆ ರೀಕನ್ಸೈಲ್ ವಿಂಡೋ (ಬ್ಯಾಂಕಿನ ಸ್ಟೇಟ್‌ಮೆಂಟಿಗೂ ನನ್ನ ಲೆಕ್ಕಕ್ಕೂ ತಾಳೆ ನೋಡುವ ಜಾಗ) ತೆರೆದರೆ ಕೆಳಗೆ ಡಿಫರೆನ್ಸ್ ಸೊನ್ನೆಗೇ ಬಂದು ನಿಲ್ಲುತ್ತಿದೆ. ಮನೆ ಖರ್ಚು, ಪ್ರೂಫ್ ತಿದ್ದುವ ಕೆಲಸದ ಆದಾಯ, ಎರಡು ಬ್ಯಾಂಕ್ ಖಾತೆ, ಒಂದು ಕ್ರೆಡಿಟ್ ಕಾರ್ಡ್, ಎಲ್ಲವೂ ಗ್ನೂಕ್ಯಾಶ್ ಅನ್ನೋ ಪುಕ್ಕಟೆ ಲೆಕ್ಕದ ಸಾಫ್ಟ್‌ವೇರಿನ ಒಂದೇ ಫೈಲಿನಲ್ಲಿ. "ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಬರೆದದ್ದು ಪುಕ್ಕಟೆ ಲೆಕ್ಕವೇ" ಅಂತ ನಮ್ಮ ಭಾವ ನಕ್ಕಿದ್ದರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ ಅಂದುಕೊಂಡರೂ ಪರವಾಗಿಲ್ಲ.

ಇದಕ್ಕೂ ಮೊದಲು ವರ್ಷ ವರ್ಷ ಚಂದಾ ಕಟ್ಟುವ ಒಂದು ಸಾಫ್ಟ್‌ವೇರ್ ಇತ್ತು. ಮೂರನೇ ವರ್ಷ ಕಟ್ಟಲಿಲ್ಲ. ಮರುದಿನದಿಂದ ನನ್ನ ಲೆಕ್ಕ ನಾನು ನೋಡಬಹುದಿತ್ತು, ಮುಟ್ಟುವ ಹಾಗಿರಲಿಲ್ಲ. ಅಷ್ಟರಲ್ಲಿ ಕಟ್ಟಿದ ದುಡ್ಡಿಗೆ ಒಂದು ಹಳೇ ಲ್ಯಾಪ್‌ಟಾಪ್ ಬರುತ್ತಿತ್ತೇನೋ. ಗ್ನೂಕ್ಯಾಶ್ 1998ರಿಂದ ಇದೆ, ನೋಡೋಕೂ ಹಾಗೇ ಇದೆ. ಇರಲಿ, ಫೈಲ್ ನನ್ನ ಹತ್ತಿರವೇ ಇರುತ್ತೆ.

ಮೊದಲ ಎಡವಟ್ಟು ಕ್ರೆಡಿಟ್ ಕಾರ್ಡಿನದು. ಕಾರ್ಡಿನಲ್ಲಿ ಕೊಂಡದ್ದನ್ನೆಲ್ಲ ಖರ್ಚು ಅಂತ ಬರೆದೆ. ತಿಂಗಳ ಕೊನೆಗೆ ಕಾರ್ಡಿನ ಬಿಲ್ ಕಟ್ಟಿದೆ, ಅದನ್ನೂ ಖರ್ಚು ಅಂತಲೇ ಬರೆದೆ. ಎರಡು ತಿಂಗಳು ವರದಿಯಲ್ಲಿ ಖರ್ಚು ಆದಾಯವನ್ನು ಮೀರಿತ್ತು. ಹೆದರಿ ಹೊಸ ಕುರ್ಚಿ ಕೊಳ್ಳೋದನ್ನು ಮುಂದೂಡಿದೆ, ಬೆನ್ನು ನೋವು ಬಂದದ್ದೇ ಲಾಭ. ಕಾರ್ಡನ್ನು ಸಾಲದ ಖಾತೆ ಮಾಡಿ, ಬಿಲ್ ಕಟ್ಟಿದ್ದನ್ನು ಬ್ಯಾಂಕಿನಿಂದ ಅಲ್ಲಿಗೆ ವರ್ಗಾವಣೆ ಅಂತ ಬರೆದ ಮೇಲೆ ಸರಿಹೋಯಿತು. ಡಬಲ್ ಎಂಟ್ರಿ (ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಪದ್ಧತಿ) ಗೊತ್ತು ಅಂತ ಓಡಾಡುವ ನನ್ನಂಥವನೇ ಮಾಡಿದ ತಪ್ಪು ಇದು.

ಎರಡನೆಯದು ಇನ್ನೂ ಕೆಟ್ಟದು. ಬ್ಯಾಂಕಿನ ಸಿಎಸ್‌ವಿ (ವ್ಯವಹಾರಗಳ ಸಾದಾ ಟೆಕ್ಸ್ಟ್ ಪಟ್ಟಿ) ಇಂಪೋರ್ಟ್ ಮಾಡುವಾಗ ದಿನ-ತಿಂಗಳ ಕ್ರಮ ತಿರುಗುಮುರುಗು ಆರಿಸಿದ್ದೆ. 13ನೇ ತಾರೀಖಿನಿಂದ ಮುಂದಿನ ಸಾಲುಗಳಿಗೆ ದೋಷ ತೋರಿಸಿತು. ಏನೋ ಕಸ ಅಂದುಕೊಂಡು ಅವನ್ನು ಬಿಟ್ಟು, ಕೈಯಿಂದ ಸೇರಿಸಿಕೊಂಡೆ. 12ರ ಒಳಗಿನವು ಸದ್ದಿಲ್ಲದೆ ಬೇರೆ ಬೇರೆ ತಿಂಗಳಿಗೆ ಹೋಗಿ ಕೂತಿದ್ದವು. ಸುಮಾರು 60 ನಮೂದು. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು. ಈಗ ಸಿಎಸ್‌ವಿ ಮುಟ್ಟುವುದಿಲ್ಲ. ಬ್ಯಾಂಕು ಓಎಫ್‌ಎಕ್ಸ್ (ತಾರೀಖಿನ ಕ್ರಮ ಆರಿಸಬೇಕಿಲ್ಲದ ಇನ್ನೊಂದು ಬಗೆಯ ಫೈಲ್) ಕೊಟ್ಟರೆ ಅದೇ, ಇಲ್ಲದಿದ್ದರೆ ಕೈಯಲ್ಲೇ ಬರೆಯುತ್ತೇನೆ.

ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಕಳಿಸಿದ ಹಣ ಎರಡೂ ಸ್ಟೇಟ್‌ಮೆಂಟಿನಲ್ಲಿ ಬರುತ್ತೆ. ಎರಡನ್ನೂ ಇಂಪೋರ್ಟ್ ಮಾಡಿದರೆ ಎರಡು ಸಲ ವರ್ಗಾವಣೆ. ಇದಕ್ಕೆ ನಾನೊಂದು ಮಧ್ಯದ ಖಾತೆ ಇಟ್ಟುಕೊಂಡಿದ್ದೇನೆ. ಹೇಗೆ ಅಂತ ಇಲ್ಲಿ ಹೇಳಲ್ಲ. ಅದನ್ನು ಕಂಡುಕೊಳ್ಳೋಕೆ ನನಗೆ ನಾಲ್ಕು ತಿಂಗಳು ಹಿಡಿದಿದೆ.

ಇಂಪೋರ್ಟ್ ಮ್ಯಾಚರ್ (ಇಂಪೋರ್ಟ್ ಆದ ನಮೂದು ಯಾವ ಖಾತೆಗೆ ಅಂತ ಊಹಿಸುವ ಭಾಗ) ಕಲಿಯುತ್ತೆ ಅನ್ನೋದು ನಿಜ. ತಪ್ಪನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯುತ್ತೆ. ಆತುರದಲ್ಲಿ ಒಮ್ಮೆ ಕರೆಂಟ್ ಬಿಲ್ಲನ್ನು ಪುಸ್ತಕದ ಖಾತೆಗೆ ಹಾಕಿದೆ. ಮುಂದಿನ ತಿಂಗಳು ಅದೇ ತಾನಾಗಿ ಪುಸ್ತಕಕ್ಕೆ ಹಾಕಿಕೊಂಡಿತು.

ಲೆಕ್ಕ ತಾಳೆಯಾಗದಿದ್ದರೆ ನಾನು ಮೊದಲು ವ್ಯತ್ಯಾಸವನ್ನು 9ರಿಂದ ಭಾಗಿಸುತ್ತೇನೆ. ಶೇಷ ಉಳಿಯದಿದ್ದರೆ ಅಂಕಿ ಅದಲುಬದಲು ಆಗಿರೋ ಸಾಧ್ಯತೆ ಜಾಸ್ತಿ. 5410 ಅಂತ ಇರಬೇಕಾದಲ್ಲಿ 4510 ಬರೆದಿದ್ದೆ, ವ್ಯತ್ಯಾಸ 900. ಆಮೇಲೆ ವ್ಯತ್ಯಾಸದ ಅರ್ಧ ಹುಡುಕುತ್ತೇನೆ. 700 ತಪ್ಪಿದ್ದರೆ 350ರ ಒಂದು ನಮೂದು ಉಲ್ಟಾ ಕಾಲಮ್ಮಿನಲ್ಲಿ ಇರಬಹುದು. ಹಳೇ ಲೆಕ್ಕಿಗರ ಉಪಾಯ ಇವು. ನನ್ನ ತಪ್ಪುಗಳಲ್ಲಿ ಮುಕ್ಕಾಲು ಪಾಲು ಈ ಎರಡರಲ್ಲೇ ಸಿಕ್ಕಿವೆ.

ದುಡ್ಡಿಗಿಂತ ಜಾಸ್ತಿ ನೋವು ಕೊಟ್ಟದ್ದು ಸಿಂಕ್ ಫೋಲ್ಡರ್, ಅಂದರೆ ಎರಡು ಕಂಪ್ಯೂಟರಿನಲ್ಲೂ ಒಂದೇ ಫೈಲ್ ಇರುವಂತೆ ನೋಡಿಕೊಳ್ಳುವ ಫೋಲ್ಡರ್. ಮೇಜಿನ ಕಂಪ್ಯೂಟರಿನಲ್ಲಿ ಫೈಲ್ ತೆರೆದೇ ಇತ್ತು. ಲ್ಯಾಪ್‌ಟಾಪಿನಲ್ಲಿ ತೆರೆಯಹೋದರೆ ಲಾಕ್ ಆಗಿದೆ ಅಂತ ಎಚ್ಚರಿಸಿತು. ಸುಮ್ನೆ 'ಓಪನ್ ಎನಿವೇ' ಒತ್ತಿದೆ. ಸುಮಾರು ಒಂಬತ್ತು ದಿನ ಅದರಲ್ಲೇ ಬರೆದೆ. ಆಮೇಲೆ ಮೇಜಿನ ಕಂಪ್ಯೂಟರಿನಲ್ಲಿ ಒಂದು ನಮೂದು ಹಾಕಿ ಸೇವ್ ಮಾಡಿದೆ, ಒಂಬತ್ತು ದಿನವೂ ಮಾಯ. ಪುಣ್ಯಕ್ಕೆ ನನ್ನದು ಎಕ್ಸ್‌ಎಂಎಲ್ ಬಗೆಯ ಫೈಲ್, ಅದನ್ನು ಸೇವ್ ಮಾಡುವಾಗ ಗ್ನೂಕ್ಯಾಶ್ ಹಿಂದಿನದನ್ನು ಸಮಯದ ಗುರುತು ಹಾಕಿ ಪಕ್ಕಕ್ಕಿಡುತ್ತೆ. ಅದರಿಂದ ವಾಪಸ್ ಬಂತು. ಎಸ್‌ಕ್ಯೂಲೈಟ್ (ಹೀಗೆ ಹಳೇ ಪ್ರತಿ ತಾನಾಗಿ ಉಳಿಯದ ಡೇಟಾಬೇಸ್ ರೂಪ) ಮಾಡಿಕೊಳ್ಳಿ ಅಂತ ಯಾರಾದರೂ ಹೇಳಿದಾಗ ನನಗೆ ಇದೇ ನೆನಪಾಗುತ್ತೆ.

ನಡುವೆ ಒಂದು ತಿಂಗಳು ಎಚ್‌ಲೆಡ್ಜರ್ ಅನ್ನೋ ಇನ್ನೊಂದು ಲೆಕ್ಕದ ಸಾಫ್ಟ್‌ವೇರಿನ ಚಪಲವೂ ಹತ್ತಿತ್ತು. ಲೆಕ್ಕವೆಲ್ಲ ಬರೀ ಟೆಕ್ಸ್ಟ್, ಗಿಟ್‌ನಲ್ಲಿ (ಪ್ರತಿ ಬದಲಾವಣೆಯ ದಾಖಲೆ ಇಡುವ ಸಾಧನ) ಇಡಬಹುದು, ಆಹಾ ಅನ್ನಿಸಿತು. ಖಾತೆಯ ಹೆಸರಿಗೂ ಮೊತ್ತಕ್ಕೂ ಮಧ್ಯೆ ಕನಿಷ್ಠ ಎರಡು ಸ್ಪೇಸ್ ಬೇಕು. ನಾನು ಒಂದೇ ಬಿಟ್ಟಿದ್ದೆ. ಮೊತ್ತ ಹೆಸರಿನ ಜೊತೆ ಅಂಟಿಕೊಂಡು 'ದಿನಸಿ 250' ಅಂತ ಹೊಸ ಖಾತೆಯೇ ಹುಟ್ಟಿತು. ಇನ್ನೊಂದು ಸಾಲಿನಲ್ಲಿ ಮೊತ್ತ ಇದ್ದದ್ದರಿಂದ ಲೆಕ್ಕ ತಾಳೆಯಾಯಿತು, ದೋಷವೂ ಬರಲಿಲ್ಲ. ಇಂಥವು ಏಳೆಂಟು ಸಿಕ್ಕ ಮೇಲೆ ಗ್ನೂಕ್ಯಾಶಿಗೆ ಮರಳಿದೆ. ಕೈ ಕುಳಿತವರಿಗೆ ಅದು ಚೆನ್ನಾಗೇ ಇರಬಹುದು.

ಕೊನೆಗೆ ಕೆಲಸ ಮಾಡಿದ್ದು ನಗದಿನ ವಿಷಯದಲ್ಲಿ ಹಟ ಬಿಟ್ಟದ್ದು. ಮೊದಲೆಲ್ಲ ಪ್ರತಿ ಚಿಲ್ಲರೆ ಖರ್ಚೂ ಬರೆಯುತ್ತಿದ್ದೆ, ಹತ್ತು ದಿನದಲ್ಲಿ ಬೇಸತ್ತು ಎಲ್ಲವನ್ನೂ ಬಿಡುತ್ತಿದ್ದೆ. ಈಗ ಪರ್ಸ್ ಅಂತ ಒಂದು ಖಾತೆ ಇದೆ. ಎಟಿಎಂನಿಂದ ತೆಗೆದದ್ದು ಅಲ್ಲಿಗೆ. ಶನಿವಾರ ಪರ್ಸಿನಲ್ಲಿರೋದನ್ನು ಎಣಿಸಿ, ಕಡಿಮೆ ಬಿದ್ದದ್ದನ್ನು ಒಂದೇ ನಮೂದಾಗಿ 'ಚಿಲ್ಲರೆ'ಗೆ ಹಾಕುತ್ತೇನೆ. ವಾರಕ್ಕೆ ಹೆಚ್ಚೆಂದರೆ ಇಪ್ಪತ್ತು ನಿಮಿಷ. ಮೊತ್ತದ ಜಾಗದಲ್ಲೇ 120+45+80 ಅಂತ ಹೊಡೆದರೆ ಅದೇ ಕೂಡಿಕೊಳ್ಳುತ್ತೆ, ಕ್ಯಾಲ್ಕುಲೇಟರ್ ಹುಡುಕೋದೂ ಇಲ್ಲ.

ಹೋದ ತಿಂಗಳು ಭಾವ ಫೋನ್ ಮಾಡಿದ್ದರು. ಅವರ ಸ್ಪ್ರೆಡ್‌ಶೀಟಿನಲ್ಲಿ ಯಾವುದೋ ಸಾಲು ಅಳಿಸಿಹೋಗಿ ಮೂರು ತಿಂಗಳ ಮೊತ್ತ ಕೆಟ್ಟಿದೆಯಂತೆ. "ನಿನ್ನ ಖಾತೆಗಳ ಪಟ್ಟಿ ಹಾಗೇ ಕಳಿಸಪ್ಪಾ" ಅಂದರು. ಕಳಿಸಿದೆ. ಮಧ್ಯದ ಖಾತೆ ಒಂದನ್ನು ಮಾತ್ರ ಅಳಿಸಿ ಕಳಿಸಿದೆ.