ಮನೆಯಲ್ಲಿ ಒಬ್ಬರು ಯುಪಿಎಸ್‌ಸಿಗೆ ಕುಳಿತಾಗ ಉಳಿದವರು ಮಾಡಬೇಕಾದದ್ದು

ನನ್ನ ತಂಗಿ ಕೇಂದ್ರ ಲೋಕಸೇವಾ ಆಯೋಗ (ಯುಪಿಎಸ್‌ಸಿ) ನಡೆಸುವ ನಾಗರಿಕ ಸೇವಾ ಪರೀಕ್ಷೆಯ ಅಂತಿಮ ಪಟ್ಟಿಗೆ ಬಂದದ್ದು ಐದನೆಯ ಪ್ರಯತ್ನದಲ್ಲಿ. ಆಮೇಲೆ ಮಂಡ್ಯದ ನಮ್ಮ ಮನೆಗೆ ಬಂದವರಲ್ಲಿ ಬಹುಪಾಲು ಮಂದಿ ಅವಳು ದಿನಕ್ಕೆ ಎಷ್ಟು ಗಂಟೆ ಓದುತ್ತಿದ್ದಳೆಂದು ವಿಚಾರಿಸಿದರು. ಮನೆಯವರು ಏನು ಮಾಡಿದಿರಿ ಎಂದು ಕೇಳಿದವರು ಒಬ್ಬಿಬ್ಬರು ಮಾತ್ರ, ಅವರೂ ಮಕ್ಕಳನ್ನು ಈ ದಾರಿಗೆ ಕಳುಹಿಸಿ ಕಾಯುತ್ತಿರುವ ತಂದೆತಾಯಿಯರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಓದುವ ವಿಧಾನ ಹೇಳಿಕೊಡುವ ಅರ್ಹತೆ ನನಗಿಲ್ಲ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಅಣ್ಣನಾಗಿ ನಾನು ಮಾಡಿದ್ದನ್ನೂ ಮಾಡದೆ ಕೆಡಿಸಿದ್ದನ್ನೂ ಕ್ರಮವಾಗಿ ಹೇಳಬಲ್ಲೆ.

ಮೊದಲು ಮನೆಯವರೆಲ್ಲ ಕುಳಿತು ವಯಸ್ಸು ಮತ್ತು ಅವಕಾಶಗಳ ಲೆಕ್ಕವನ್ನು ಕಾಗದದ ಮೇಲೆ ಬರೆದಿಡಬೇಕು. ಪರೀಕ್ಷೆ ನಡೆಯುವ ವರ್ಷದ ಆಗಸ್ಟ್ 1ಕ್ಕೆ 21 ವರ್ಷ ತುಂಬಿರಬೇಕು, ಸಾಮಾನ್ಯ ವರ್ಗದವರಿಗೆ 32 ತುಂಬಿರಬಾರದು. ಅವರಿಗೆ 6 ಅವಕಾಶಗಳು. ಒಬಿಸಿ (ಇತರ ಹಿಂದುಳಿದ ವರ್ಗ) ಅಭ್ಯರ್ಥಿಗಳಿಗೆ 35 ವರ್ಷದವರೆಗೆ 9 ಅವಕಾಶಗಳಿದ್ದರೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರು 37ರ ಮಿತಿಯೊಳಗೆ ಎಷ್ಟು ಸಲವಾದರೂ ಬರೆಯಬಹುದು. ನಮ್ಮ ಕಡೆ ಅನೇಕರು ಎಡವುವುದು ಇಲ್ಲಿಯೇ: ರಾಜ್ಯದ ಪ್ರವರ್ಗಗಳ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ತಾಲ್ಲೂಕು ಕಚೇರಿಯಲ್ಲಿ ಸಿಕ್ಕ 3ಎ ಪ್ರಮಾಣಪತ್ರವನ್ನು ನಂಬಿ ಮೂರು ಅವಕಾಶ ಹೆಚ್ಚಿದೆಯೆಂದು ಎಣಿಸಿಕೊಳ್ಳಬೇಡಿ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಸಮುದಾಯದ ಹೆಸರು ಇದೆಯೇ ಎಂದು ನೋಡಿಯೇ ಮುಂದುವರಿಯಿರಿ. ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿಯಲ್ಲಿ ವಯಸ್ಸಿನ ರಿಯಾಯಿತಿಯೂ ಇಲ್ಲ, ಹೆಚ್ಚಿನ ಅವಕಾಶವೂ ಇಲ್ಲ. ಅರ್ಜಿ ಹಾಕಿ ಪರೀಕ್ಷೆಗೆ ಹೋಗದಿದ್ದರೆ ಅವಕಾಶ ಕಳೆಯುವುದಿಲ್ಲ, ಆದರೆ ಮೊದಲ ಹಂತವಾದ ಪೂರ್ವಭಾವಿ ಪರೀಕ್ಷೆಯ ಒಂದು ಪತ್ರಿಕೆಗೆ ಕುಳಿತರೂ ಒಂದು ಅವಕಾಶ ಮುಗಿಯಿತೆಂದೇ ಲೆಕ್ಕ. 'ಸುಮ್ಮನೆ ಒಂದು ಸಲ ನೋಡಿಬಿಡಲಿ' ಎಂದು ತಂಗಿಯನ್ನು ತಯಾರಿಯಿಲ್ಲದೆ ಕಳುಹಿಸಿದವನು ನಾನೇ. ಹಾಗೆ ಒಂದು ಅವಕಾಶ ವ್ಯರ್ಥವಾಯಿತು.

ಅರ್ಜಿ ತುಂಬುವುದನ್ನು ಕೊನೆಯ ದಿನಗಳಿಗೆ ಬಿಡಬಾರದು. ಪೂರ್ವಭಾವಿ ಪರೀಕ್ಷೆಯನ್ನು ಮೈಸೂರಿನಲ್ಲಿಯೇ ಬರೆಯಬಹುದು; ಆದರೆ ಕೇಂದ್ರಗಳನ್ನು ಮೊದಲು ಅರ್ಜಿ ಹಾಕಿದವರಿಗೆ ಮೊದಲು ಕೊಡುತ್ತಾರೆ. ಎರಡನೆಯ ಹಂತದ ಮುಖ್ಯ ಪರೀಕ್ಷೆಗೆ ಬೆಂಗಳೂರಿಗೆ ಹೋಗಲೇಬೇಕು. ಶುಲ್ಕ 100 ರೂಪಾಯಿ, ಮಹಿಳೆಯರಿಗೆ ಅದೂ ಇಲ್ಲ.

ಎರಡನೆಯ ಸಲ ಅವಳು ಬಿದ್ದದ್ದು ಸಿ-ಸ್ಯಾಟ್‌ನಲ್ಲಿ, ಅಂದರೆ ಲೆಕ್ಕ, ತರ್ಕ, ಓದಿ ಅರ್ಥಮಾಡಿಕೊಳ್ಳುವ ಶಕ್ತಿಯನ್ನು ಅಳೆಯುವ ಪೂರ್ವಭಾವಿಯ ಎರಡನೆಯ ಪತ್ರಿಕೆಯಲ್ಲಿ. 80 ಪ್ರಶ್ನೆಗಳ, 200 ಅಂಕಗಳ ಈ ಪತ್ರಿಕೆಯಲ್ಲಿ ಶೇ 33 ಬಂದರೆ ಸಾಕು, ಅದರ ಅಂಕ ಮುಂದೆ ಎಲ್ಲಿಯೂ ಸೇರುವುದಿಲ್ಲ ಎಂಬ ಕಾರಣಕ್ಕೇ ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಆದರೆ ಅಲ್ಲಿ ತೇರ್ಗಡೆಯಾಗದಿದ್ದರೆ ಮೊದಲನೆಯದಾದ ಸಾಮಾನ್ಯ ಅಧ್ಯಯನದ ಪತ್ರಿಕೆಯ ಅಂಕಕ್ಕೆ ಬೆಲೆಯೇ ಇಲ್ಲ. ಜೊತೆಗೆ ಪ್ರತಿ ತಪ್ಪು ಉತ್ತರಕ್ಕೂ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಭಾಗ ಕಳೆಯುತ್ತದೆ. ಗಣಿತದ ಮೇಷ್ಟರ ಮನೆಯಲ್ಲಿ ಲೆಕ್ಕದ ಪತ್ರಿಕೆಯಲ್ಲಿ ಸೋಲು ಎಂಬ ನಾಚಿಕೆಯಿಂದ ಅಂದಿನಿಂದ ಪ್ರತಿ ಭಾನುವಾರ ಎರಡು ಗಂಟೆ ಗಡಿಯಾರವಿಟ್ಟು ಹಳೆಯ ಪ್ರಶ್ನೆಪತ್ರಿಕೆಗಳನ್ನು ಅವಳಿಂದ ಮಾಡಿಸಿದೆ. ಯಾವುದನ್ನು ಬಿಡಬೇಕೆಂದು ಕಲಿಯುವುದಕ್ಕೆ ಅವಳಿಗೆ ಆರು ತಿಂಗಳು ಹಿಡಿಯಿತು.

ಭಾಷೆಯ ಆಯ್ಕೆಯಲ್ಲಿ ಮನೆಯವರು ಅಭಿಮಾನಕ್ಕೂ ಬೀಳಬಾರದು, ಅಂಜಿಕೆಗೂ ಬೀಳಬಾರದು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದಾದರೂ ಸಾಮಾನ್ಯ ಅಧ್ಯಯನದ ಪ್ರಶ್ನೆಗಳು ಅಚ್ಚಾಗುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡವರು ಉಳಿದ ಪತ್ರಿಕೆಗಳನ್ನು ಇಂಗ್ಲಿಷಿನಲ್ಲಿ ಬರೆದರೂ ಆ 500 ಅಂಕಗಳ ಉತ್ತರಗಳನ್ನು ಕನ್ನಡದಲ್ಲಿಯೇ ಬರೆಯಬೇಕು. ತಂಗಿ ಆರಿಸಿಕೊಂಡದ್ದು ಈ ದಾರಿ. ಪಂಪನನ್ನೂ ಕುಮಾರವ್ಯಾಸನನ್ನೂ ಜಗಲಿಯಲ್ಲಿ ಗಟ್ಟಿಯಾಗಿ ಓದುವಾಗ ಹೆಚ್ಚು ಓದದ ನಮ್ಮವ್ವನೂ ಕೇಳುತ್ತಾ ಕೂರುತ್ತಿದ್ದಳು. 300 ಅಂಕಗಳ ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ ಶೇ 25 ಬರದಿದ್ದರೆ ಉಳಿದ ಪತ್ರಿಕೆಗಳ ಅಂಕವನ್ನು ಪರಿಗಣಿಸುವುದಿಲ್ಲ. ಕಾನ್ವೆಂಟಿನಲ್ಲಿ ಓದಿದ ಮಕ್ಕಳಿಂದ ವಾರಕ್ಕೊಂದು ಪುಟ ಕನ್ನಡ ಬರೆಸಿ.

ಅಣ್ಣ ತಮ್ಮಂದಿರು ನಿಜವಾಗಿ ಉಪಯೋಗಕ್ಕೆ ಬರುವುದು ಉತ್ತರ ಬರೆಯುವ ಅಭ್ಯಾಸದಲ್ಲಿ. ಸಾಮಾನ್ಯ ಅಧ್ಯಯನದ ಒಂದು ಪತ್ರಿಕೆಯಲ್ಲಿ ಮೂರು ಗಂಟೆಗೆ 20 ಪ್ರಶ್ನೆಗಳು, ಅಂದರೆ ಒಂದಕ್ಕೆ 9 ನಿಮಿಷ. ನಾನು ಶಾಲೆಯಿಂದ ಬಂದ ಮೇಲೆ ಅವಳ ಎರಡು ಉತ್ತರಗಳನ್ನು ಓದುತ್ತಿದ್ದೆ. ವಿಷಯದ ತಪ್ಪು ನನಗೆ ಗೊತ್ತಾಗುತ್ತಿರಲಿಲ್ಲ. ಕೇಳಿದ್ದನ್ನು ಬಿಟ್ಟು ಬೇರೇನೋ ಬರೆದಿದ್ದರೆ ಅದು ಮಾತ್ರ ಚೆನ್ನಾಗಿ ಗೊತ್ತಾಗುತ್ತಿತ್ತು. ಮೂರನೆಯ ಸಲ ಮುಖ್ಯ ಪರೀಕ್ಷೆಯಲ್ಲಿ ಸೋತಾಗ, ಅಂಕಪಟ್ಟಿಯನ್ನು ಒಂದು ವಾರ ಮುಚ್ಚಿಟ್ಟು, ಆಮೇಲೆ ಪತ್ರಿಕೆವಾರು ನೋಡಿದೆವು. ಅಂಕ ಬಂದ ರಾತ್ರಿಯೇ ಅದರ ಮೇಲೆ ಮಾತನಾಡಬೇಡಿ ಎಂಬುದು ನನ್ನ ಬಲವಾದ ಅಭಿಪ್ರಾಯ.

ಆ ಹೊತ್ತಿಗೆ ಅವಳು ರಾಜ್ಯ ಸರ್ಕಾರದ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿ ಸೇರಿದಳು. ಓದು ಕೆಡುತ್ತದೆಂದು ಅಪ್ಪ ಒಪ್ಪಲಿಲ್ಲ, ಆದರೆ ಸಂಬಳ ಬರತೊಡಗಿದ ಮೇಲೆ ಅವಳ ಮುಖದ ಮೇಲಿನ ಭಾರ ಇಳಿದದ್ದನ್ನು ನಾವೆಲ್ಲ ಕಂಡೆವು. ಸರ್ಕಾರಿ ನೌಕರಿಯಲ್ಲಿರುವವರು ಅರ್ಜಿ ಹಾಕಿದ ವಿಷಯವನ್ನು ಕಚೇರಿಯ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಿರಬೇಕು. ಮದುವೆ ಯಾವಾಗ ಎಂದು ಕೇಳುವ ನೆಂಟರಿಗೆ ಉತ್ತರ ಹೇಳುವ ಕೆಲಸವನ್ನು ಮನೆಯಲ್ಲಿ ಒಬ್ಬರೇ ವಹಿಸಿಕೊಳ್ಳಬೇಕು. ನಮ್ಮಲ್ಲಿ ಅದು ನನ್ನ ಪಾಲಿಗೆ ಬಂತು.

ನಾಲ್ಕನೆಯ ಸಲ ದೆಹಲಿಯ ಸಂದರ್ಶನದವರೆಗೆ ಹೋಗಿ ಬರಿಗೈಯಲ್ಲಿ ಬಂದಳು. 275 ಅಂಕಗಳ ಸಂದರ್ಶನದಲ್ಲಿ ಅಭ್ಯರ್ಥಿಯ ಊರು, ಹವ್ಯಾಸ, ಉದ್ಯೋಗಗಳ ಮೇಲೆ ಪ್ರಶ್ನೆಗಳು ಬರುತ್ತವೆ, ಏಕೆಂದರೆ ಅರ್ಜಿಯಲ್ಲಿ ನಾವೇ ಅವನ್ನು ಬರೆದುಕೊಟ್ಟಿರುತ್ತೇವೆ. ಐದನೆಯ ಸಲಕ್ಕೆ ನಾವು ಮನೆಯಲ್ಲೇ ಅಣಕು ಸಂದರ್ಶನದ ಮಂಡಳಿ ಕೂಡಿಸಿದೆವು. ಕೆಆರ್‌ಎಸ್ ಅಣೆಕಟ್ಟೆಯ ಗರಿಷ್ಠ ನೀರಿನ ಮಟ್ಟ 124.80 ಅಡಿ, ಕಾವೇರಿ ನೀರಿನ ಬಗೆಗಿನ 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಕರ್ನಾಟಕದ ಪಾಲು 284.75 ಟಿಎಂಸಿಗೆ ಏರಿದ್ದು, ನಮ್ಮ ಜಿಲ್ಲೆಯಲ್ಲೇ ನಡೆದ 1938ರ ಶಿವಪುರ ಧ್ವಜ ಸತ್ಯಾಗ್ರಹ, ಇವೆಲ್ಲ ಅವಳಿಗೆ ಬಾಯಿಪಾಠವಿದ್ದವು. ನಾಲೆಯಲ್ಲಿ ಸರದಿಯ ಮೇಲೆ ಬಿಡುವ 'ಕಟ್ಟು ನೀರಿ'ನ ಬಗ್ಗೆ ಅಪ್ಪ ಕೇಳಿದ್ದು ಒಂದೇ: 'ಕಟ್ಟು ನೀರಿನಲ್ಲಿ ಕೊನೆ ಭಾಗದ ಗದ್ದೆಗೆ ನೀರು ಯಾಕೆ ಬರಲ್ಲ, ಹೇಳವ್ವ?' ಅವಳು ತಡವರಿಸಿದಳು. ಮರುದಿನ ಬೆಳಿಗ್ಗೆ ಅವಳನ್ನು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಉದ್ದಕ್ಕೂ ಕರೆದುಕೊಂಡು ಹೋಗಿ ತೂಬು, ಹೂಳು, ಅಕ್ರಮ ಪಂಪುಗಳನ್ನು ಅಪ್ಪನೇ ತೋರಿಸಿದರು.

ಕೊನೆಯದಾಗಿ, ಅಂತಿಮ ಪಟ್ಟಿ ಬಂದ ದಿನಕ್ಕೂ ಒಂದು ಸಿದ್ಧತೆ ಬೇಕು. ಮುಖ್ಯ ಪರೀಕ್ಷೆಯ 1750 ಮತ್ತು ಸಂದರ್ಶನದ 275 ಸೇರಿ 2025 ಅಂಕಗಳ ಮೇಲೆ ಸಿದ್ಧವಾಗುವ ಆ ಪಟ್ಟಿಯಲ್ಲಿ ಇರುವುದು ರ‍್ಯಾಂಕ್ ಮಾತ್ರ; ಐಎಎಸ್ಸೋ ಐಪಿಎಸ್ಸೋ ಕಂದಾಯ ಸೇವೆಯೋ ಎಂಬುದು ರ‍್ಯಾಂಕ್, ಅಭ್ಯರ್ಥಿ ಕೊಟ್ಟ ಆದ್ಯತೆ, ವರ್ಗ ಮತ್ತು ಖಾಲಿ ಹುದ್ದೆಗಳನ್ನು ನೋಡಿ ಆಮೇಲೆ ತೀರ್ಮಾನವಾಗುತ್ತದೆ. ಅಂದು ಸಂಜೆಯೊಳಗೆ ಅವಳು ನಮ್ಮ ಬೀದಿಯಲ್ಲಿ 'ಡಿಸಿ' ಆಗಿಬಿಟ್ಟಿದ್ದಳು. ಇನ್ನೂ ಆಗಿಲ್ಲ ಎಂದು ಎಲ್ಲರಿಗೂ ಬಿಡಿಸಿ ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು.